ಮಗುವಿನ ಬೆರಳಚ್ಚು, ಮಗುವಿನ ಫೋಟೊ: ಠಾಣೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ

ಬಸ್ ನಿಲ್ದಾಣದಲ್ಲಿ ಒಬ್ಬರ ಮೊಬೈಲ್ ಕಳುವಾಗುತ್ತದೆ. ಟೀ ಅಂಗಡಿ ಮುಂದೆ ನಿಂತಿದ್ದ ಮೂವರು ಹುಡುಗರ ಮೇಲೆ ಗುಮಾನಿ. ಮೂವರನ್ನೂ ಠಾಣೆಗೆ ಕರೆತರುತ್ತಾರೆ. ಒಬ್ಬನಿಗೆ 14, ಇನ್ನೊಬ್ಬನಿಗೆ 16. ಮೂರನೆಯವನು ಮೀಸೆ ಮೂಡಿ 20ರವನಂತೆ ಕಂಡರೂ ಶಾಲೆಯ ದಾಖಲೆಯಲ್ಲಿ 17. ಅಪ್ಪ ಅಮ್ಮ ಓಡಿ ಬರುವಷ್ಟರಲ್ಲಿ ಮೂವರ ಹತ್ತೂ ಬೆರಳುಗಳ ಅಚ್ಚು ತೆಗೆದಾಗಿದೆ, ಗೋಡೆಗೆ ನಿಲ್ಲಿಸಿ ಫೋಟೊ ಹೊಡೆದಾಗಿದೆ. ರಾತ್ರಿ ಆ ಮೊಬೈಲ್ ಬೇರೆಲ್ಲೋ ಸಿಗುತ್ತದೆ. "ಆಯ್ತು, ಕರ್ಕೊಂಡು ಹೋಗಿ" ಎನ್ನುತ್ತಾರೆ. ಮಕ್ಕಳು ಮನೆಗೆ ಬರುತ್ತಾರೆ. ಅಚ್ಚು ಮತ್ತು ಫೋಟೊ ಠಾಣೆಯಲ್ಲೇ ಉಳಿಯುತ್ತವೆ.

ಇದು ಉದಾಹರಣೆಗೆಂದು ಕಲ್ಪಿಸಿಕೊಂಡ ಸಂದರ್ಭ. ಆದರೆ ನಮ್ಮ ಯಾವ ಊರಿನಲ್ಲೂ, ಯಾರ ಮನೆಯ ಮಗುವಿಗೂ ಬರಬಹುದಾದದ್ದು. ಮಗುವನ್ನು ಮನೆಗೆ ಕರೆತಂದ ಸಮಾಧಾನದಲ್ಲಿ ಹೆತ್ತವರು ಮೂರು ಪ್ರಶ್ನೆ ಕೇಳುವುದನ್ನು ಮರೆಯುತ್ತಾರೆ: ಯಾರ ಆದೇಶದ ಮೇಲೆ ತೆಗೆದಿರಿ? ಎಲ್ಲಿಗೆ ಕಳಿಸಿದಿರಿ? ಯಾವಾಗ ಅಳಿಸುತ್ತೀರಿ? ಈ ಮೂರಕ್ಕೂ ನಮ್ಮ ಕಾನೂನಿನಲ್ಲಿ ಉತ್ತರ ಹುಡುಕಬಹುದು. ಒಂದೇ ಪುಸ್ತಕದಲ್ಲಿ ಅಲ್ಲ, ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬೇಕು.

ಬೆರಳಚ್ಚಿಗೆ ಯಾಕಿಷ್ಟು ತೂಕ

ಮಕ್ಕಳ ಬೆರಳ ತುದಿಯಲ್ಲಿ ಶಂಖವೆಷ್ಟು, ಚಕ್ರವೆಷ್ಟು ಎಂದು ನಮ್ಮ ಅಜ್ಜಿಯರು ಎಣಿಸುತ್ತಿದ್ದರು. ಬೆರಳಚ್ಚು ತಜ್ಞರೂ ಹೆಚ್ಚುಕಡಿಮೆ ಅದನ್ನೇ ನೋಡುತ್ತಾರೆ. ಸುತ್ತು ಹೊಡೆದ ಗೆರೆ ಚಕ್ರ, ಒಂದು ಕಡೆಯಿಂದ ಬಂದು ಅದೇ ಕಡೆಗೆ ತಿರುಗುವ ಗೆರೆ ಕುಣಿಕೆ, ಗುಡ್ಡದಂತೆ ಏರಿ ಇಳಿಯುವ ಗೆರೆ ಕಮಾನು. ಇಷ್ಟರಿಂದಲೇ ವ್ಯಕ್ತಿಯನ್ನು ಗುರುತಿಸಲಾಗದು. ಗೆರೆಯೊಂದು ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ತಟ್ಟನೆ ನಿಲ್ಲುತ್ತದೆ ಎಂಬ ಸಣ್ಣ ಸಣ್ಣ ಗುರುತುಗಳನ್ನು ಹೋಲಿಸಿ ನೋಡುತ್ತಾರೆ. ಈ ಗೆರೆಗಳನ್ನು ವರ್ಗೀಕರಿಸಿ ಹುಡುಕುವ ಪದ್ಧತಿ ರೂಪುಗೊಂಡದ್ದು ನಮ್ಮ ದೇಶದಲ್ಲೇ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಎಡ್ವರ್ಡ್ ಹೆನ್ರಿ ಹೆಸರಿನಲ್ಲಿ ಪ್ರಸಿದ್ಧವಾದ ಆ ಪದ್ಧತಿಯ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ಪೊಲೀಸ್ ಅಧಿಕಾರಿಗಳ ದುಡಿಮೆಯಿತ್ತು.

ತಾಯಿಯ ಗರ್ಭದಲ್ಲಿ ಆರು ತಿಂಗಳು ತುಂಬುವ ಹೊತ್ತಿಗೆ ಈ ಗೆರೆಗಳು ಮೂಡಿರುತ್ತವೆ. ಆಮೇಲೆ ಮಗು ಬೆಳೆದಂತೆ ಬೆರಳು ದೊಡ್ಡದಾಗುತ್ತದೆ, ಗೆರೆಗಳ ನಡುವಿನ ಅಂತರ ಹಿಗ್ಗುತ್ತದೆ. ವಿನ್ಯಾಸ ಮಾತ್ರ ಬದಲಾಗದು. ಮಗು ತನ್ನ ತಪ್ಪು ತಿದ್ದಿಕೊಳ್ಳಬಹುದು, ಓದಿ ಬೇರೆ ಮನುಷ್ಯನೇ ಆಗಬಹುದು. ಆದರೆ 14ನೇ ವಯಸ್ಸಿನಲ್ಲಿ ಕೊಟ್ಟ ಅಚ್ಚು 60ನೇ ವಯಸ್ಸಿನಲ್ಲೂ ಅದೇ ಬೆರಳನ್ನು ತೋರಿಸುತ್ತದೆ. ಮಕ್ಕಳ ವಿಷಯದಲ್ಲಿ ಇಷ್ಟು ಎಚ್ಚರ ಬೇಕಿರುವುದು ಇದಕ್ಕಾಗಿ.

ಠಾಣೆಯಲ್ಲಿ ಹತ್ತು ಬೆರಳಿನ ಚೀಟಿ ತುಂಬುವ ಕ್ರಮ ಸರಳ. ಪ್ರತಿ ಬೆರಳನ್ನೂ ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೊರಳಿಸಿ ಅಚ್ಚು ಒತ್ತಿಸುತ್ತಾರೆ. ಬಳಿಕ ನಾಲ್ಕು ಬೆರಳುಗಳನ್ನು ಒಟ್ಟಿಗೆ, ಹೆಬ್ಬೆರಳನ್ನು ಬೇರೆಯಾಗಿ, ಹೊರಳಿಸದೆ ನೇರ ಒತ್ತಿಸುತ್ತಾರೆ. ಮಸಿಯ ಬದಲು ಈಗ ಗಾಜಿನ ಸ್ಕ್ಯಾನರ್ ಇರಬಹುದು. ಫೋಟೊ ಎಂದರೆ ಸಾಮಾನ್ಯವಾಗಿ ಎದುರಿನಿಂದ ಒಂದು, ಪಕ್ಕದಿಂದ ಒಂದು. ಹೀಗೆ ತೆಗೆದದ್ದು ಠಾಣೆಯ ಬೀರುವಿನಲ್ಲೇ ಉಳಿಯುವ ಕಾಲ ಇದಲ್ಲ. 2022ರಲ್ಲಿ ಚಾಲನೆ ಪಡೆದ ನ್ಯಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಲ್ಲಿ, ದಾಖಲಾದ ಪ್ರತಿ ವ್ಯಕ್ತಿಗೂ ಹತ್ತು ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ದೇಶದ ಯಾವ ಮೂಲೆಯ ಠಾಣೆಯಿಂದಲೂ ಅದನ್ನು ಹುಡುಕಬಹುದು.

ಎರಡು ಕಾಯ್ದೆ, ಎರಡು ದಿಕ್ಕು

ಮೊದಲನೆಯದು ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ, 2022. ನೂರು ವರ್ಷ ಹಳೆಯದಾದ 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಜಾಗಕ್ಕೆ ಇದು ಬಂದು, 2022ರ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಬೆರಳಚ್ಚು, ಅಂಗೈ ಅಚ್ಚು, ಪಾದದ ಅಚ್ಚು, ಫೋಟೊ, ಕಣ್ಣಿನ ಪಾಪೆಯ ಸ್ಕ್ಯಾನ್, ರಕ್ತದಂಥ ಜೈವಿಕ ಮಾದರಿ, ಸಹಿ, ಕೈಬರಹ ಎಲ್ಲವೂ ಇದರಲ್ಲಿ 'ಅಳತೆ' ಎಂಬ ಒಂದೇ ಹೆಸರಿನಡಿ ಬರುತ್ತವೆ. ಶಿಕ್ಷೆಗೊಳಗಾದವರಿಂದ, ಬಂಧಿತರಿಂದ ಇವನ್ನು ಪಡೆಯಬಹುದು. ಪಡೆಯುವವರು ಠಾಣಾಧಿಕಾರಿ ಆಗಿರಬೇಕು, ಇಲ್ಲವೇ ಹೆಡ್ ಕಾನ್‌ಸ್ಟೆಬಲ್ ದರ್ಜೆಗಿಂತ ಕೆಳಗಿಲ್ಲದ ಪೊಲೀಸರಾಗಿರಬೇಕು. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಹೋಗುತ್ತದೆ. ಅಲ್ಲಿ ಅದು ಇರುವ ಅವಧಿ 75 ವರ್ಷ. 15ರ ಹುಡುಗನ ಅಚ್ಚು ಈ ಲೆಕ್ಕದಲ್ಲಿ ಅವನಿಗೆ 90 ತುಂಬುವ ತನಕ ಉಳಿಯುತ್ತದೆ.

ಎರಡನೆಯದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. 2016ರ ಜನವರಿ 15ರಿಂದ ಜಾರಿಗೆ ಬಂದ ಇದು ನಡೆಯುವ ದಿಕ್ಕೇ ಬೇರೆ. 18 ತುಂಬದ ಯಾವ ಮಗುವನ್ನೂ ಇದು ಅಪರಾಧಿ ಎನ್ನುವುದಿಲ್ಲ, 'ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು' ಎನ್ನುತ್ತದೆ. 'ಬಂಧನ' ಎಂಬ ಮಾತನ್ನೂ ದೂರವಿಟ್ಟು ವಶಕ್ಕೆ ಪಡೆಯುವ ಮಾತಾಡುತ್ತದೆ. ಕಾಯ್ದೆಯ 3ನೇ ಕಲಮಿನಲ್ಲಿ ಪಟ್ಟಿಯಾಗಿರುವ ತತ್ವಗಳಲ್ಲಿ ಖಾಸಗಿತನದ ಹಕ್ಕು ಒಂದು, ಹೊಸ ಆರಂಭದ ತತ್ವ ಇನ್ನೊಂದು. ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮಗುವಿನ ಹಿಂದಿನ ದಾಖಲೆಗಳೆಲ್ಲ ಅಳಿಯಬೇಕು ಎಂಬುದು ಆ ತತ್ವದ ಸಾರ.

ಮಗುವೊಂದು ಠಾಣೆಗೆ ಬಂದಾಗ ಯಾವುದು ನಡೆಯಬೇಕು? 2022ರ ಕಾಯ್ದೆಯಲ್ಲಿ 'ಮಗು' ಎಂಬ ಮಾತು ಬರುವುದು ಸಂತ್ರಸ್ತರ ವಿಷಯದಲ್ಲಿ. ಆರೋಪ ಹೊತ್ತ ಮಕ್ಕಳಿಗೆಂದೇ ಪ್ರತ್ಯೇಕ ಕ್ರಮವನ್ನು ಅದು ಹಾಕಿಕೊಟ್ಟಿಲ್ಲ. ಬಾಲನ್ಯಾಯ ಕಾಯ್ದೆಯಾದರೋ ತನ್ನ 1ನೇ ಕಲಮಿನ 4ನೇ ಉಪಕಲಮಿನಲ್ಲೇ ಹೇಳಿಬಿಟ್ಟಿದೆ: ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ, ಮಕ್ಕಳನ್ನು ವಶಕ್ಕೆ ಪಡೆಯುವುದರಿಂದ ಹಿಡಿದು ಪುನರ್ವಸತಿಯವರೆಗೆ ಎಲ್ಲಕ್ಕೂ ಈ ಕಾಯ್ದೆಯೇ ಅನ್ವಯ. ಎರಡನ್ನೂ ಒಟ್ಟಿಗೆ ಓದಿದರೆ ತೋರುವ ಅರ್ಥ ಇದು: ವಯಸ್ಕ ಆರೋಪಿಗೆ ಮಾಡಿದಂತೆ ಮಗುವಿಗೂ ಠಾಣೆಯಲ್ಲೇ ತೀರ್ಮಾನಿಸಿ ಬೆರಳಚ್ಚು ಒತ್ತಿಸಿಕೊಳ್ಳುವುದು ಸರಿಯಾದ ಕ್ರಮವಲ್ಲ. ತನಿಖೆಗೆ ಅದು ನಿಜಕ್ಕೂ ಬೇಕಿದ್ದರೆ ಬಾಲ ನ್ಯಾಯ ಮಂಡಳಿಯ ಮುಂದೆ ಕಾರಣ ಹೇಳಿ ಲಿಖಿತ ಆದೇಶ ಪಡೆಯಬೇಕು. ಮಂಡಳಿಗೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ತನಿಖೆಗೆ ಅಗತ್ಯವೆನಿಸಿದರೆ ಅಳತೆ ಕೊಡುವಂತೆ ಆದೇಶಿಸುವ ಅವಕಾಶ ಮ್ಯಾಜಿಸ್ಟ್ರೇಟರಿಗೆ 2022ರ ಕಾಯ್ದೆಯ 5ನೇ ಕಲಮಿನಲ್ಲೂ ಇದೆ.

ಬೆರಳಚ್ಚಿಗಿಂತ ಮೊದಲಿನ ಮೆಟ್ಟಿಲುಗಳು

ಅನೇಕ ಪ್ರಕರಣಗಳಲ್ಲಿ ಬೆರಳಚ್ಚಿನ ಮಾತೇ ಏಳಬಾರದು. 2016ರ ಬಾಲನ್ಯಾಯ ಮಾದರಿ ನಿಯಮಗಳ 8ನೇ ನಿಯಮದ ಪ್ರಕಾರ, ಆರೋಪ ಘೋರ ಅಪರಾಧದ್ದಾಗಿದ್ದರೆ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದೆಂದು ಹೇಳಲಾಗಿದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಉಳಿದದ್ದಕ್ಕೆಲ್ಲ ಠಾಣೆಯ ದಿನಚರಿಯಲ್ಲಿ ನಮೂದು, ಜೊತೆಗೆ ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ. ವಶಕ್ಕೆ ಪಡೆಯುವುದೂ ಘೋರ ಅಪರಾಧಗಳಲ್ಲಿ ಮಾತ್ರ. ಮಗುವಿನ ಹಿತಕ್ಕೇ ಅದು ಬೇಕಿದ್ದರೆ ಆ ಮಾತು ಬೇರೆ. ಘೋರ ಎಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವ ಅಪರಾಧ. ಗರಿಷ್ಠ ಶಿಕ್ಷೆ ದೊಡ್ಡದಿದ್ದು ಕನಿಷ್ಠ ಶಿಕ್ಷೆ ಗೊತ್ತುಮಾಡಿರದ ಅಪರಾಧ ಘೋರ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ. ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಅದು ಸಣ್ಣ ಅಪರಾಧ. ನಮ್ಮ ಉದಾಹರಣೆಯ ಹುಡುಗರ ಮೇಲೆ ಎಫ್‌ಐಆರ್ ಬೇಕಿರಲಿಲ್ಲ, ಹತ್ತು ಬೆರಳಿನ ಚೀಟಿಯಂತೂ ಬೇಕಿರಲಿಲ್ಲ.

ವಶಕ್ಕೆ ಪಡೆದ ಮಗುವಿನ ವಿಷಯದಲ್ಲಿ ಠಾಣೆ ನಡೆದುಕೊಳ್ಳಬೇಕಾದ ರೀತಿಯೂ ಗೊತ್ತುಪಡಿಸಿದ್ದೇ. ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗಿಂತ ಕೆಳಗಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಪ್ರತಿ ಜಿಲ್ಲೆಯಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕ ಇರಬೇಕು. ಮಗುವನ್ನು ಇವರ ಸುಪರ್ದಿಗೇ ಒಪ್ಪಿಸಬೇಕು. ಆ ಅಧಿಕಾರಿ ಮಫ್ತಿಯಲ್ಲಿರಬೇಕು. ಕೈಕೋಳ ಕೂಡದು, ಲಾಕಪ್ ಕೂಡದು. ಹೆತ್ತವರಿಗೆ ಮತ್ತು ಪರಿವೀಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬೇಕು, ಉಚಿತ ಕಾನೂನು ನೆರವಿಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ತಿಳಿಸಬೇಕು. ತಪ್ಪೊಪ್ಪಿಕೊಳ್ಳುವಂತೆ ಒತ್ತಾಯಿಸುವಂತಿಲ್ಲ, ಯಾವ ಹೇಳಿಕೆಗೂ ಮಗುವಿನ ಸಹಿ ಹಾಕಿಸುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಸಹಿಗೇ ಇಷ್ಟು ಬಿಗಿ ಇರುವ ಕಡೆ ಹೆಬ್ಬೆಟ್ಟಿನ ಅಚ್ಚನ್ನು ಹಗುರವಾಗಿ ಕಾಣಲಾಗದು.

ಏಳು ವರ್ಷ ತುಂಬದ ಮಗು ಮಾಡಿದ್ದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧವೇ ಅಲ್ಲ. ಆರೋಪಿ ಎಂದು ಅಂಥ ಮಗುವಿನ ಬೆರಳಚ್ಚು ತೆಗೆಯುವ ಪ್ರಶ್ನೆಯೇ ಇಲ್ಲ.

ವಯಸ್ಸಿನ ಗೊಂದಲ

ಮಕ್ಕಳ ಬೆರಳಚ್ಚು ವಯಸ್ಕರ ಕಡತಕ್ಕೆ ಸೇರಿಬಿಡುವ ಒಂದು ದಾರಿ ವಯಸ್ಸಿನ ತಪ್ಪು ನಮೂದು. ನೋಡಲು ದೊಡ್ಡವನಂತಿದ್ದಾನೆ ಎಂದು 19 ಎಂದು ಬರೆದುಬಿಟ್ಟರೆ ಮುಂದಿನದೆಲ್ಲ ವಯಸ್ಕನ ದಾರಿಯಲ್ಲೇ ಸಾಗುತ್ತದೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮು ವಯಸ್ಸಿಗೆ ಆಧಾರಗಳ ಸರದಿಯನ್ನು ಕೊಟ್ಟಿದೆ: ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಎಸ್ಎಲ್‌ಸಿ ಅಂಕಪಟ್ಟಿಯಂಥ ದಾಖಲೆ; ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ; ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆಯ ಪರೀಕ್ಷೆ. ಘಟನೆ ನಡೆದ ದಿನ ಎಷ್ಟು ವಯಸ್ಸು ಎಂಬುದೇ ಲೆಕ್ಕ, ಹಿಡಿದ ದಿನದ್ದಲ್ಲ. ತಾನಾಗ ಮಗುವಾಗಿದ್ದೆ ಎಂಬ ವಾದವನ್ನು ಯಾವ ಹಂತದಲ್ಲೂ, ಪ್ರಕರಣ ಮುಗಿದ ಮೇಲೂ ಎತ್ತಬಹುದು. ಮಗು ಎಂದು ತೀರ್ಮಾನವಾದ ದಿನವೇ, ವಯಸ್ಕನೆಂದು ತೆಗೆದ ಅಚ್ಚು ಮತ್ತು ಫೋಟೊವನ್ನು ಆ ಕಡತದಿಂದ ತೆಗೆಸುವಂತೆ ಮಂಡಳಿಗೆ ಅರ್ಜಿ ಕೊಡಬೇಕು. ನಮ್ಮ ಮೂರನೇ ಹುಡುಗನ ಮನೆಯವರು ಶಾಲೆಯ ಪತ್ರ ಹಿಡಿದು ಓಡಬೇಕಿರುವುದು ಇದಕ್ಕೆ.

ಬೇಡ ಎನ್ನಬಹುದೇ?

ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಬೆರಳಚ್ಚು ಈ ರಕ್ಷಣೆಯೊಳಗೆ ಬರುವುದಿಲ್ಲ ಎಂದು 1961ರಲ್ಲೇ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಹಾಗಾಗಿ ಮಂಡಳಿಯ ಆದೇಶವಿದ್ದಾಗ ಸುಮ್ಮನೆ ನಿರಾಕರಿಸುವುದರಿಂದ ಮಗುವಿಗೇ ತೊಂದರೆ. 2022ರ ಕಾಯ್ದೆಯಲ್ಲಿ ಪ್ರತಿರೋಧವೇ ಒಂದು ಅಪರಾಧ. ಆದೇಶವಿಲ್ಲದೆ ಕೇಳಿದಾಗಲೂ ಜಗ್ಗಾಡಬೇಡಿ. ಆದೇಶದ ಪ್ರತಿ ಕೇಳಿ, ನಿಮ್ಮ ಆಕ್ಷೇಪಣೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮರುದಿನ ಮಂಡಳಿಯ ಮುಂದೆ ಅದೇ ನಿಮ್ಮ ಆಧಾರ.

ಬೆರಳಚ್ಚು ಮಗುವನ್ನು ಕಾಪಾಡುವ ಸಂದರ್ಭವೂ ಉಂಟು. ಕಳುವಾದ ಅಂಗಡಿಯ ಗಾಜಿನ ಮೇಲೆ ಸಿಕ್ಕ ಅಚ್ಚು ಈ ಹುಡುಗನದ್ದಲ್ಲ ಎಂದು ಗೊತ್ತಾದರೆ ಅನುಮಾನಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ಅದೇ ರೀತಿ, ಕಳ್ಳತನವಾದ ಮನೆಯಲ್ಲಿ ಮನೆಮಂದಿಯ ಅಚ್ಚುಗಳನ್ನು ಬೇರ್ಪಡಿಸಲು ಆ ಮನೆಯ ಮಕ್ಕಳ ಬೆರಳಚ್ಚು ಕೇಳುವುದುಂಟು. ಇಂಥ ಅಚ್ಚಿನ ಕೆಲಸ ಹೋಲಿಕೆಗಷ್ಟೇ. ಹೋಲಿಕೆ ಮುಗಿದ ಮೇಲೆ ಅದನ್ನು ನಾಶಪಡಿಸುವಂತೆ ಕೊಡುವಾಗಲೇ ಬರೆದುಕೊಡಿ.

ಆಧಾರ್‌ಗೆ ಕೊಟ್ಟ ಬೆರಳಚ್ಚು ಪೊಲೀಸರ ಕೈ ಸೇರುತ್ತದೆಯೇ ಎಂದು ಕೆಲವು ಹೆತ್ತವರಿಗೆ ಭಯ. ಆಧಾರ್ ಕಾಯ್ದೆಯ 29ನೇ ಕಲಮು ಬೆರಳಚ್ಚು, ಪಾಪೆಯಂಥ ಮೂಲ ಗುರುತನ್ನು ಯಾರೊಂದಿಗೂ ಯಾವ ಕಾರಣಕ್ಕೂ ಹಂಚಿಕೊಳ್ಳುವಂತಿಲ್ಲ ಎನ್ನುತ್ತದೆ. ಅದು ಬೇರೆ ಕಣಜ, ಇದು ಬೇರೆ ಕಣಜ.

ಫೋಟೊ: ಕಡತದ್ದೂ ಕೈಫೋನಿನದ್ದೂ

ಬೆರಳಚ್ಚನ್ನು ಓದಲು ತಜ್ಞರು ಬೇಕು. ಫೋಟೊವನ್ನು ಊರಿನ ಯಾರೂ ಓದಬಲ್ಲರು. ಹಾಗಾಗಿ ಫೋಟೊದಿಂದಾಗುವ ಹಾನಿ ತಕ್ಷಣದ್ದು, ಮಗು ಮರುದಿನ ಶಾಲೆಗೆ ಹೋಗುವ ಮುಂಚೆಯೇ ಆಗಿಬಿಡುವಂಥದ್ದು.

ಮಂಡಳಿಯ ಆದೇಶದಂತೆ ಮಗುವನ್ನು ವೀಕ್ಷಣಾಲಯಕ್ಕೆ ಸೇರಿಸಿದಾಗ ಅಲ್ಲಿನ ಕಡತಕ್ಕಾಗಿ ಫೋಟೊ ತೆಗೆಯುತ್ತಾರೆ. ಅದು ಮಗು ಯಾರೆಂದು ತಿಳಿಯಲು, ಅದರ ಸುರಕ್ಷತೆಗೆ. ಕಾಣೆಯಾದ ಮಗುವನ್ನು ಹುಡುಕಲು ಬಳಸುವ ಫೋಟೊದ ಉದ್ದೇಶವೂ ಬೇರೆ. ಆದರೆ ಠಾಣೆಯಲ್ಲಿ ಸಿಬ್ಬಂದಿ ತಮ್ಮ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಚಿತ್ರ, ವಶಪಡಿಸಿಕೊಂಡ ವಸ್ತುಗಳ ಹಿಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪತ್ರಿಕೆಗಳಿಗೆ ಕೊಡುವ ಚಿತ್ರ, ಇವಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಹಿಡಿಯಲು ಕಾರಣವಾಗಬಲ್ಲ ಯಾವುದೇ ವಿವರವನ್ನು ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆರೋಪ ಹೊತ್ತ ಮಗುವಿಗಷ್ಟೇ ಅಲ್ಲ, ಸಂತ್ರಸ್ತ ಮಗುವಿಗೂ ಸಾಕ್ಷಿಯಾದ ಮಗುವಿಗೂ ಈ ರಕ್ಷಣೆ ಇದೆ.

ಕಣ್ಣಿಗೆ ಕಪ್ಪು ಪಟ್ಟಿ ಎಳೆದರೆ ಸಾಕೆಂದು ನಂಬಿದವರಿದ್ದಾರೆ. ಸಾಲದು. ಸಮವಸ್ತ್ರದ ಬಣ್ಣ, ಬೀದಿಯ ಅಂಗಡಿ ಫಲಕ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಅಮ್ಮನ ಮುಖ, ಇಷ್ಟರಲ್ಲಿ ಯಾವುದೊಂದು ಕಂಡರೂ ಊರಿಗೆ ಊರೇ ಹುಡುಗನ ಹೆಸರು ಹೇಳುತ್ತದೆ. ಆ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರೂ ಕಾನೂನಿನ ಮುಂದೆ ಉತ್ತರ ಹೇಳಬೇಕಾದೀತು.

ಅಳಿಸುವ ದಾರಿ

ಮೂರು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡಬೇಕು.

ಒಂದು, ಮಗುವಿನ ಮೇಲಿನ ಪ್ರಕರಣ ನಿಲ್ಲಲೇ ಇಲ್ಲ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತನಾದರೆ ಅಥವಾ ಖುಲಾಸೆಯಾದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು ಅಳತೆಗಳನ್ನು ದಾಖಲೆಯಿಂದ ನಾಶಪಡಿಸಬೇಕೆಂದು 2022ರ ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಇದಕ್ಕೆ ಕೋರಿಕೆ ಸಲ್ಲಿಸಬೇಕಾದದ್ದು ರಾಜ್ಯ ಸರ್ಕಾರ ನೇಮಿಸುವ ನೋಡಲ್ ಅಧಿಕಾರಿಗೆ. ಬೇರೆ ಪ್ರಕರಣದ ಜೊತೆ ಆ ದಾಖಲೆಗೆ ನಂಟಿಲ್ಲವೆಂದು ನೋಡಿಕೊಂಡು ಅವರು ಬ್ಯೂರೊಗೆ ಶಿಫಾರಸು ಮಾಡುತ್ತಾರೆ. ತಾನಾಗಿ ಅಳಿದೀತು ಎಂದು ಕೂರಬೇಡಿ, ಕೇಳಿ ಅಳಿಸಬೇಕು.

ಎರಡು, ಮಗು ತಪ್ಪು ಮಾಡಿದೆ ಎಂದು ಮಂಡಳಿ ತೀರ್ಮಾನಿಸಿತು. ಆಗಲೂ ಬಾಗಿಲು ಮುಚ್ಚಿಲ್ಲ. ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಆ ತೀರ್ಮಾನದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ದಾಖಲೆ ನಾಶಪಡಿಸುವಂತೆ ಮಂಡಳಿಯೇ ಪೊಲೀಸರಿಗೆ ನಿರ್ದೇಶನ ಕೊಡಬೇಕು. ಮಾದರಿ ನಿಯಮಗಳ 14ನೇ ನಿಯಮ ಇದಕ್ಕೆ ಮಿತಿ ಹಾಕುತ್ತದೆ: ಮೇಲ್ಮನವಿಯ ಅವಧಿ ಮುಗಿಯುವ ತನಕ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚು ಇಲ್ಲ. ಆದೇಶದಲ್ಲಿ 'ದಾಖಲೆ' ಎಂದಷ್ಟೇ ಇದ್ದರೆ ಕಾಗದದ ಕಡತ ಹೋಗಿ ಸರ್ವರಿನಲ್ಲಿ ಅಚ್ಚು ಉಳಿದುಬಿಡಬಹುದು. ಆದ್ದರಿಂದ 'ಬೆರಳಚ್ಚು, ಫೋಟೊ ಮತ್ತು ಅವುಗಳ ಡಿಜಿಟಲ್ ಪ್ರತಿಗಳು' ಎಂಬ ಮಾತು ಆದೇಶದಲ್ಲಿ ಇರುವಂತೆ ವಕೀಲರ ಮೂಲಕ ಕೋರಿಕೊಳ್ಳಿ.

ಮೂರು, ಘೋರ ಅಪರಾಧದಲ್ಲಿ 16 ದಾಟಿದ ಮಗುವನ್ನು ವಯಸ್ಕನಂತೆ ವಿಚಾರಿಸಿ ಮಕ್ಕಳ ನ್ಯಾಯಾಲಯ ತೀರ್ಪಿತ್ತ ಪ್ರಕರಣ. ಇಲ್ಲಿ ದಾಖಲೆ ಉಳಿಯುತ್ತದೆ. ಕಾಯ್ದೆ ಇಟ್ಟುಕೊಂಡಿರುವ ಅಪವಾದ ಇದು.

ಅಳಿಸುವ ಈ ಹಟ ಯಾಕೆಂದು ಬ್ರಿಟನ್ನಿನ ಒಂದು ಪ್ರಕರಣ ಹೇಳುತ್ತದೆ. 2001ರಲ್ಲಿ 11 ವರ್ಷದ ಒಬ್ಬ ಹುಡುಗನನ್ನು ದರೋಡೆ ಯತ್ನದ ಆರೋಪದಲ್ಲಿ ಹಿಡಿದು ಬೆರಳಚ್ಚು, ಡಿಎನ್ಎ ತೆಗೆದರು. ಅವನು ಖುಲಾಸೆಯಾದ. ದಾಖಲೆ ಅಳಿಸಲು ಪೊಲೀಸರು ಒಪ್ಪಲಿಲ್ಲ. ಪ್ರಕರಣ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಮುಟ್ಟಿತು. 2008ರ ಡಿಸೆಂಬರ್ 4ರಂದು ಎಸ್ ಮತ್ತು ಮಾರ್ಪರ್ ಪ್ರಕರಣವೆಂದು ಹೆಸರಾದ ತೀರ್ಪು ಬಂತು: ತಪ್ಪಿತಸ್ಥರಲ್ಲದವರ ಗುರುತನ್ನು ಕಾಲಮಿತಿಯಿಲ್ಲದೆ ಇಟ್ಟುಕೊಳ್ಳುವುದು ಖಾಸಗಿತನದ ಉಲ್ಲಂಘನೆ, ಮಕ್ಕಳ ವಿಷಯದಲ್ಲಿ ಅದರ ಹಾನಿ ಇನ್ನೂ ಹೆಚ್ಚು. ನಮ್ಮಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ದಾಖಲೆ ಉಳಿದರೆ ಕಾಡುವುದು ಮುಂದೆ, ಕೆಲಸಕ್ಕೆ ಸೇರುವಾಗ. ಮುಗಿದುಹೋದ ಪ್ರಕರಣದಲ್ಲಿ ಮಗುವಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಕಾರಣಕ್ಕಾಗಲಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದು 74ನೇ ಕಲಮಿನ ಎರಡನೇ ಭಾಗ ಹೇಳುತ್ತದೆ. ಬಾಲ್ಯದ ಪ್ರಕರಣವನ್ನು ಮುಂದಿಟ್ಟು ಸಿಐಎಸ್ಎಫ್ ನೇಮಕಾತಿಯಲ್ಲಿ ಕೈಬಿಡಲಾಗಿದ್ದ ಅಭ್ಯರ್ಥಿಯೊಬ್ಬರ ಪರವಾಗಿ 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಕಳಂಕ ಅಳಿಸಿಹೋಗಬೇಕೆಂಬುದೇ ಬಾಲನ್ಯಾಯದ ಉದ್ದೇಶ ಎಂಬುದು ಅದರ ತಿರುಳು.

ಕೈಯಲ್ಲಿರಲಿ ಈ ಪಟ್ಟಿ

ಠಾಣೆಯಿಂದ ಕರೆ ಬಂದಾಗ ಮಗುವಿನ ಶಾಲಾ ದಾಖಲೆ ಅಥವಾ ಜನನ ಪ್ರಮಾಣಪತ್ರದ ಪ್ರತಿ ತೆಗೆದುಕೊಂಡೇ ಹೊರಡಿ.

ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ, ಅವರ ಜೊತೆಯೇ ಮಾತಾಡಿ.

ದಿನಚರಿಯಲ್ಲಿ ನಮೂದಾಗಿದೆಯೇ, ಎಫ್‌ಐಆರ್ ಆಗಿದೆಯೇ ಎಂದು ತಿಳಿದುಕೊಳ್ಳಿ.

ಬೆರಳಚ್ಚು, ಫೋಟೊ ತೆಗೆದಿದ್ದರೆ ತೆಗೆದವರ ಹೆಸರು, ದರ್ಜೆ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಯಾರ ಆದೇಶ, ಎಲ್ಲಿಗೆ ಕಳಿಸಿದರು ಎಂಬುದನ್ನು ಬರಹದಲ್ಲಿ ಕೇಳಿ.

ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100, ಮಕ್ಕಳ ಸಹಾಯವಾಣಿಗೆ 1098.

ಪ್ರಕರಣ ಮುಗಿದ ದಿನವೇ ದಾಖಲೆ ನಾಶದ ಅರ್ಜಿ ಕೊಡಿ.

ಪೊಲೀಸರಿಗೂ ಒಂದು ಮಾತು. ಹತ್ತು ಬೆರಳಿನ ಚೀಟಿ ತುಂಬಲು ಹತ್ತು ನಿಮಿಷವೂ ಬೇಡ, ಮಂಡಳಿಯ ಆದೇಶಕ್ಕೆ ಒಂದು ದಿನ ಕಾಯಬೇಕಾಗಬಹುದು. ಆ ಒಂದು ದಿನ ಕಾಯುವುದರಿಂದ ಹುಡುಗನ ಬೆರಳಿನ ಗೆರೆ ಎಲ್ಲಿಗೂ ಓಡಿಹೋಗುವುದಿಲ್ಲ. ಕ್ರಮ ತಪ್ಪಿ ಪಡೆದ ಅಚ್ಚಿನ ಮೇಲೆ ಮಂಡಳಿಯಲ್ಲಿ ಪ್ರಶ್ನೆ ಎದ್ದರೆ ಬಡವಾಗುವುದು ತನಿಖೆಯೇ.

ಬಸ್ ನಿಲ್ದಾಣದ ಆ ಮೂವರಿಗೆ ಮರಳೋಣ. ಐದಾರು ವರ್ಷಗಳ ಮೇಲೆ ಒಬ್ಬ ಸಾರಿಗೆ ಸಂಸ್ಥೆಯ ಚಾಲಕ ಹುದ್ದೆಗೆ, ಇನ್ನೊಬ್ಬ ಪೊಲೀಸ್ ಕೆಲಸಕ್ಕೇ ಅರ್ಜಿ ಹಾಕಬಹುದು. ಅವರ ಹೆತ್ತವರು ಅಂದೇ ಮೂರು ಪ್ರಶ್ನೆ ಕೇಳಿ, ದಾಖಲೆ ಅಳಿಸಿದ ಆದೇಶದ ಪ್ರತಿ ಪಡೆದಿದ್ದರೆ, ಅದು ಪಡಿತರ ಚೀಟಿ, ಅಂಕಪಟ್ಟಿಗಳನ್ನಿಟ್ಟ ಟ್ರಂಕಿನಲ್ಲೇ ಇರುತ್ತದೆ. ಹುಡುಗ ಅದನ್ನು ಯಾರಿಗೂ ತೋರಿಸಬೇಕಾಗಿ ಬರದಿರಲಿ. ಬಂದರೆ ಕೈಗೆ ಸಿಗುವಂತಿರಲಿ.